ಎಣ್ಣೆ ಹಚ್ಚುವ ಏರ್ ಫಿಲ್ಟರ್ ತೊಳೆಯುವ ಕ್ರಮ

ಪ್ರಶ್ನೆ: ನನ್ನ ಕಾರಿನಲ್ಲಿ ಎಣ್ಣೆ ಸವರಿದ ಹತ್ತಿಬಟ್ಟೆಯ ಏರ್ ಫಿಲ್ಟರ್ ಇದ್ದು, ಮಣ್ಣಿನ ರಸ್ತೆಗಳಲ್ಲಿ ಓಡಾಡಿ ಅದರ ಮಡಿಕೆಗಳೆಲ್ಲ ಧೂಳಿನಿಂದ ಮುಚ್ಚಿಹೋಗಿವೆ. ಮನೆಯಲ್ಲೇ ತೊಳೆದು, ಕಂಪ್ರೆಸರ್ ಗಾಳಿಯಿಂದ ಒಣಗಿಸಬಹುದೇ?

ಉತ್ತರ 1: ತೊಳೆಯಬಹುದು, ಕಂಪ್ರೆಸರ್ ಮಾತ್ರ ಬೇಡ, ಅದರ ರಭಸಕ್ಕೆ ಹತ್ತಿಯ ಎಳೆಗಳು ಸರಿದು ಧೂಳು ನೇರವಾಗಿ ಎಂಜಿನ್ ಸೇರುತ್ತದೆ. ಫಿಲ್ಟರ್‌ಗೆಂದೇ ಸಿಗುವ ಕ್ಲೀನರ್ ಸಿಂಪಡಿಸಿ, 10 ನಿಮಿಷ ಬಿಟ್ಟು, ಶುಭ್ರವಾದ ಒಳಬದಿಯಿಂದ ಹೊರಬದಿಗೆ ಸಣ್ಣ ಧಾರೆಯಲ್ಲಿ ನೀರು ಹರಿಸಿ, ನೆರಳಿನಲ್ಲಿ ಪೂರ್ತಿ ಒಣಗಲು ಬಿಡಿ. ಪೆಟ್ರೋಲ್ ಅಂತೂ ಮುಟ್ಟಿಸಲೇಬೇಡಿ.

ಉತ್ತರ 2: ಫಿಲ್ಟರ್ ಒಣಗಿದ ಮೇಲೆ ಮತ್ತೆ ಎಣ್ಣೆ ಹಚ್ಚುವಾಗ ಕೈ ಬಿಗಿಯಿರಲಿ. ಪ್ರತಿ ಮಡಿಕೆಯ ಅಂಚಿಗೂ ತೆಳುವಾಗಿ ಗೆರೆ ಎಳೆದು 20 ನಿಮಿಷ ಕಾದರೆ ಅದು ತಾನಾಗಿಯೇ ಹರಡುತ್ತದೆ. ಬಿಳಿಯಾಗಿ ಉಳಿದ ಜಾಗಕ್ಕಷ್ಟೇ ಮತ್ತೆ ಹಚ್ಚಿ. ಹೆಚ್ಚಾದ ಎಣ್ಣೆ ಗಾಳಿಯ ಪ್ರಮಾಣ ಅಳೆಯುವ ಸೆನ್ಸರ್‌ನ ತಂತಿಗೆ ಅಂಟಿದರೆ ಐಡ್ಲಿಂಗ್ (ಗಾಡಿ ನಿಂತಿರುವಾಗಿನ ಎಂಜಿನ್ ಓಟ) ಏರುಪೇರಾಗುತ್ತದೆ.

ಉತ್ತರ 3: ಕಾಗದದ ಫಿಲ್ಟರ್‌ಗೆ ಇದಾವುದೂ ಅನ್ವಯಿಸದು, ಅದನ್ನು ಬದಲಿಸುವುದೇ ಸರಿ.