‘ಸೆಡೆಟಿವ್’ಗೆ ಏನೆನ್ನೋಣ: ನಿದ್ದೆ ಮಾತ್ರೆಯೇ, ಶಾಮಕವೇ, ಮಂಪರು ಮದ್ದೇ?

ಬಲ್ಲವರಲ್ಲಿ ಒಂದು ಪ್ರಶ್ನೆ. ವಯಸ್ಸಾದವರಿಗಾಗಿ ಔಷಧಗಳ ಕೈಪಿಡಿಯೊಂದನ್ನು ಬರೆಯುತ್ತಿದ್ದೇನೆ. ಡಯಾಜೆಪಾಮ್, ಆಲ್ಪ್ರಾಜೊಲಾಮ್ ಮೊದಲಾದ ‘ಸೆಡೆಟಿವ್’ಗಳ ಗುಂಪಿಗೆ ಕನ್ನಡದ ಹೆಸರು ಸಿಗದೆ ಎರಡು ದಿನದಿಂದ ಒಂದೇ ಪುಟದಲ್ಲಿ ತಿಣುಕುತ್ತಿದ್ದೇನೆ.

ಜನರ ಬಾಯಲ್ಲಿರುವುದು ‘ನಿದ್ದೆ ಮಾತ್ರೆ’. ಕರಡಿನಲ್ಲಿ ಅದನ್ನೇ ಇಟ್ಟಿದ್ದೆ. ನಮ್ಮ ದೊಡ್ಡಮ್ಮನಿಗೆ ಓದಿ ಹೇಳಿದಾಗ ಅವರು, “ಹಾಗಾದರೆ ಒಂದಕ್ಕೆ ನಿದ್ದೆ ಬಾರದಿದ್ದರೆ ಇನ್ನೊಂದು ನುಂಗಬಹುದಲ್ಲ” ಎಂದರು! ತಪ್ಪು ಅವರದಲ್ಲ, ಪದದ್ದು. ಈ ಮಾತ್ರೆ ಮಾಡುವ ಕೆಲಸವೇ ಬೇರೆ. ಮಿದುಳಿನ ನರಕೋಶಗಳನ್ನು ಹತೋಟಿಯಲ್ಲಿಡುವ ‘ಗಾಬಾ’ ಎಂಬ ರಾಸಾಯನಿಕಕ್ಕೆ ಇದು ಬಲ ಕೊಡುತ್ತದೆ. ಕೋಶದ ಮೇಲೆ ಗಾಬಾ ಬಂದು ಕೂರುವ ತಾಣದ (ರಿಸೆಪ್ಟರ್) ಬಾಗಿಲು ಪದೇ ಪದೇ ತೆರೆದು ಕ್ಲೋರೈಡ್ ಒಳಹೋಗುತ್ತದೆ, ಕೋಶ ಮಂಕಾಗುತ್ತದೆ. ಅದರೊಂದಿಗೆ ನೆನಪೂ ಮಂಕು, ಹೆಜ್ಜೆಯ ಹದವೂ ಮಂಕು. ರಾತ್ರಿ ಬಚ್ಚಲಿಗೆಂದು ಎದ್ದ ಹಿರಿಯರು ಬಿದ್ದು ಸೊಂಟ ಮುರಿದುಕೊಳ್ಳುವುದರ ಹಿಂದೆ ಎಷ್ಟೋ ಸಲ ಈ ಮಾತ್ರೆ ಇರುತ್ತದೆ. ಮದ್ಯವೋ ಮಾರ್ಫಿನ್ ಜಾತಿಯ ನೋವಿನ ಮದ್ದೋ ಜೊತೆಗೂಡಿದರೆ ಉಸಿರೇ ನಿಲ್ಲಬಹುದು. ಬಹುಕಾಲ ನುಂಗಿದವರು ಒಮ್ಮೆಲೇ ಬಿಟ್ಟರೆ ಫಿಟ್ಸ್ ಬರುವುದುಂಟು. ಇಷ್ಟೆಲ್ಲವನ್ನೂ ‘ನಿದ್ದೆ’ ಎಂಬ ಹಿತವಾದ ಮಾತು ಹೊದಿಕೆ ಹೊದಿಸಿ ಮಲಗಿಸಿಬಿಡುತ್ತದೆ.

‘ಶಾಮಕ’ ಇನ್ನೂ ಸೌಮ್ಯ. ಪಿತ್ತಶಾಮಕ ಎಂದು ಕೇಳಿ ಬೆಳೆದ ಕಿವಿಗೆ ಅದು ಮಜ್ಜಿಗೆ ಕುಡಿದಷ್ಟು ತಣ್ಣಗೆ ಕೇಳಿಸುತ್ತದೆ. ‘ಮತ್ತು ಬರಿಸುವ ಮದ್ದು’ ಎಂದರೆ ರೈಲಿನಲ್ಲಿ ಬಿಸ್ಕತ್ತು ಕೊಟ್ಟು ಒಡವೆ ದೋಚಿದ ಸುದ್ದಿಯೇ ನೆನಪಾಗುತ್ತದೆ. ‘ಅರಿವಳಿಕೆ’ ನನಗೆ ಬಹಳ ಇಷ್ಟದ ಪದ. ಆದರೆ ಅದು ಶಸ್ತ್ರಚಿಕಿತ್ಸೆಗೂ ಕಾಡಾನೆ ಹಿಡಿಯುವುದಕ್ಕೂ ಸಂದುಹೋಗಿದೆ. ದಿನಕ್ಕೊಂದು ಮಾತ್ರೆ ನುಂಗಿ ಟಿವಿ ಮುಂದೆ ಕೂತವರ ಅರಿವು ಅಳಿದಿರುವುದಿಲ್ಲ, ಮಸುಕಾಗಿರುತ್ತದೆ, ಅಷ್ಟೇ.

ಎಚ್ಚರವೂ ಅಲ್ಲದ, ನಿದ್ದೆಯೂ ಅಲ್ಲದ ಆ ಸ್ಥಿತಿಗೆ ‘ಮಂಪರು’ ಸರಿಯಾಗಿ ಹೊಂದುತ್ತದೆ. ತೊಡಕೆಂದರೆ ಅದನ್ನು ಪತ್ರಿಕೆಗಳು ಆಗಲೇ ‘ಮಂಪರು ಪರೀಕ್ಷೆ’ಗೆ, ಅಂದರೆ ಆರೋಪಿಗೆ ಮದ್ದು ಚುಚ್ಚಿ ಬಾಯಿ ಬಿಡಿಸುವ ನಾರ್ಕೋ ಪರೀಕ್ಷೆಗೆ, ಕೊಟ್ಟುಬಿಟ್ಟಿವೆ. ಒಪ್ಪಿಗೆಯಿಲ್ಲದೆ ಆ ಪರೀಕ್ಷೆ ಮಾಡುವಂತಿಲ್ಲ ಎಂದು 2010ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟದ್ದು ಕರ್ನಾಟಕ ಸರ್ಕಾರ ಪ್ರತಿವಾದಿಯಾಗಿದ್ದ ಮೊಕದ್ದಮೆಯಲ್ಲೇ. ಆ ಪರೀಕ್ಷೆಯಲ್ಲಿ ಚುಚ್ಚುವ ಸೋಡಿಯಂ ಪೆಂಟೋಥಾಲ್ ಬಾರ್ಬಿಚುರೇಟ್ ಎಂಬ ಬೇರೊಂದು ಮದ್ದಿನ ಗುಂಪಿನದು, ಅದೂ ಗಾಬಾದ ಬಾಗಿಲನ್ನೇ ಹಿಡಿಯುತ್ತದೆ. ಹಾಗಾಗಿ ಎರಡು ಕಡೆಯೂ ಪದಕ್ಕೆ ನ್ಯಾಯವಿದೆ. ಆದರೂ ಮನೆಯ ಔಷಧದ ಡಬ್ಬಿಯ ಮಾತು ಬಂದಾಗ ಓದುವವರಿಗೆ ಪೊಲೀಸ್ ಠಾಣೆ ನೆನಪಾಗುವುದು ಬೇಡವಿತ್ತು.

‘ಜೋಂಪುಮದ್ದು’ ಎಂದರೆ ಹೇಗೆ? ಜೋಂಪು ಹತ್ತಿತು ಎಂದು ನಮ್ಮ ಮನೆಯಲ್ಲಿ ಹೇಳುವುದುಂಟು. ನಿಮ್ಮ ಕಡೆ ಆ ಪದ ನಡೆಯುತ್ತದೆಯೇ, ಅಥವಾ ಮಾತ್ರೆಯ ಮಂಕಿಗೆಂದೇ ಬೇರೆ ಮಾತಿದೆಯೇ? ಕೈಪಿಡಿ ಮುಂದಿನ ವಾರ ಅಚ್ಚಿಗೆ ಹೋಗಬೇಕು.