ಕಾರಿನ ಕಂಪನಿ ಸ್ಪೀಕರ್ ಬದಲಿಸಬೇಕು, ಸ್ಕ್ರೀನ್ ಮುಟ್ಟೋ ಹಾಗಿಲ್ಲ: ಎಲ್ಲಿಂದ ಶುರು ಮಾಡೋದು?

ಪ್ರಶ್ನೆ (ಮೈಸೂರು)

ಗೊತ್ತಿರೋರು ದಯವಿಟ್ಟು ಹೇಳಿ. ಗಾಡಿ 2022ರ ಬಲೆನೊ, 9 ಇಂಚಿನ ಕಂಪನಿ ಟಚ್‌ಸ್ಕ್ರೀನ್. ನಾಲ್ಕು ಬಾಗಿಲಲ್ಲಿ ಸ್ಪೀಕರ್, ಮುಂದೆ ಎರಡು ಟ್ವೀಟರ್ (ಮೇಲಿನ ಸ್ವರದ ಪುಟ್ಟ ಸ್ಪೀಕರ್). 360 ಕ್ಯಾಮೆರಾ ಆ ಸ್ಕ್ರೀನಲ್ಲೇ ಬರೋದರಿಂದ ಅದನ್ನ ತೆಗೆಯಲ್ಲ. ವಾಲ್ಯೂಮ್ ಏರಿಸಿದಂತೆಲ್ಲ ಮೃದಂಗದ ಎಡಗೈ ಪೆಟ್ಟು ಮಾಯ, ಪಿಟೀಲು ಕಿವಿಗೆ ಚುಚ್ಚುತ್ತೆ. ಬಜೆಟ್ 25 ಸಾವಿರ. ಅಂಗಡಿಯಲ್ಲಿ "ನಾಲ್ಕೂ ಬದಲಿಸಿ, 300 ವ್ಯಾಟಿಂದು ಹಾಕ್ಕೊಡ್ತೀವಿ" ಅಂದ್ರು. ಎಕ್ಸ್‌ಟೆಂಡೆಡ್ ವಾರಂಟಿ ಇನ್ನೂ ನಡೀತಿದೆ.

ಉತ್ತರ (ಬೆಂಗಳೂರು)

ಸರ್, 300 ವ್ಯಾಟ್ ಅನ್ನೋದು ಪೀಕ್ ಲೆಕ್ಕ (ಒಂದು ಕ್ಷಣ ಮಾತ್ರ ತಡೆಯೋದು), ಅದನ್ನ ನೋಡಲೇಬೇಡಿ. ಕಂಪನಿ ಸ್ಟೀರಿಯೋದ ಒಳಗಿರೋ ಆಂಪ್ ಐಸಿ (ಸದ್ದು ಹೆಚ್ಚಿಸೋ ಚಿಪ್) ಸುಮಾರು 14 ವೋಲ್ಟಲ್ಲಿ ಓಡುತ್ತೆ. 4 ಓಮ್ ಸ್ಪೀಕರಿಗೆ ಅದು ಸದ್ದು ಒಡೆಯದೆ ಕೊಡೋದು ಚಾನಲ್ಲಿಗೆ (ಒಂದೊಂದು ಸ್ಪೀಕರ್ ಲೈನಿಗೆ) 15ರಿಂದ 20 ವ್ಯಾಟ್ ಆರ್‌ಎಂಎಸ್ (ಸತತವಾಗಿ ಕೊಡೋ ಶಕ್ತಿ), ಅಷ್ಟೇ. ಹಾಗಾಗಿ ಆಂಪ್ ಇಲ್ಲದೆ ಸ್ಪೀಕರ್ ಮಾತ್ರ ಬದಲಿಸೋದಾದರೆ ಸೆನ್ಸಿಟಿವಿಟಿ (ಅಷ್ಟೇ ವ್ಯಾಟಿಗೆ ಎಷ್ಟು ಸದ್ದು ಅನ್ನೋದು) ನೋಡಿ ಆರಿಸಿ. 3 ಡಿಬಿ (ಡೆಸಿಬೆಲ್) ಕಮ್ಮಿ ಇರೋ ಸ್ಪೀಕರಿಗೆ ಅಷ್ಟೇ ಸದ್ದು ಬರಬೇಕಾದರೆ ಎರಡರಷ್ಟು ವ್ಯಾಟ್ ಕೊಡಬೇಕು. ಕಂಪನಿ ಸ್ಪೀಕರಿನ ಕಾಗದದ ಕೋನ್ ಹಗುರ. ದುಬಾರಿ ಸ್ಪೀಕರಿನದು ಭಾರ. "ದುಡ್ಡು ಸುರಿದೆ, ಹಳೇದೇ ಜೋರಾಗಿತ್ತು" ಅನ್ನೋ ದೂರಿಗೆ ಇದೇ ಕಾರಣ.

ಇಲ್ಲೂ ಒಂದು ಮರೆಮಾಚು ಇದೆ. ಬಾಕ್ಸಲ್ಲಿ ಸೆನ್ಸಿಟಿವಿಟಿ 1 ವ್ಯಾಟಿಗೆ ಕೊಟ್ಟಿದ್ದಾರೋ 2.83 ವೋಲ್ಟಿಗೆ ಕೊಟ್ಟಿದ್ದಾರೋ ಓದಿ. 4 ಓಮಿಗೆ 2.83 ವೋಲ್ಟ್ ಅಂದ್ರೆ 2 ವ್ಯಾಟ್, ಅದೇ ಸ್ಪೀಕರು 3 ಡಿಬಿ ಜಾಸ್ತಿ ತೋರಿಸುತ್ತೆ. ಎರಡು ಬಾಕ್ಸ್ ಹೋಲಿಸುವಾಗ ಒಂದೇ ಲೆಕ್ಕಕ್ಕೆ ತನ್ನಿ.

ಮುಂದೆ ಟ್ವೀಟರ್ ಬೇರೆ ಇರೋದರಿಂದ ಕಾಂಪೊನೆಂಟ್ ಸೆಟ್ಟೇ (ಬಾಗಿಲ ಸ್ಪೀಕರ್, ಟ್ವೀಟರ್ ಬೇರೆ ಬೇರೆ ಬರೋದು) ಸರಿ. ಬಾಗಿಲಿಗೆ ಕೋಆಕ್ಸಿಯಲ್ (ನಡುವೆಯೇ ಟ್ವೀಟರ್ ಇರೋದು) ಹಾಕಿ ಕಂಪನಿ ಟ್ವೀಟರನ್ನೂ ಉಳಿಸಿದರೆ ಒಂದೇ ಚಾನಲ್ಲಿಗೆ ಎರಡೆರಡು ಟ್ವೀಟರ್ ಆಗಿ ನಿಮ್ಮ ಪಿಟೀಲು ಇನ್ನಷ್ಟು ಚುಚ್ಚುತ್ತೆ. ಕಂಪನಿ ಟ್ವೀಟರಿನ ಹಿಂದೆ ಸಾಮಾನ್ಯವಾಗಿ ಒಂದು ಪುಟ್ಟ ಕೆಪಾಸಿಟರ್ ಇರುತ್ತೆ, ಕೆಳಸ್ವರ ತಡೆಯೋದು ಅದೇ. ಹಳೇ ಟ್ವೀಟರ್ ಜೊತೆ ಅದೂ ಹೋಯ್ತು ಅಂತ ಮರೆತು ಹೊಸದನ್ನ ನೇರ ವೈರಿಗೆ ಕೊಟ್ಟರೆ ಟ್ವೀಟರ್ ಸುಟ್ಟುಹೋಗುತ್ತೆ. ಸೆಟ್ ಜೊತೆ ಬರೋ ಕ್ರಾಸೋವರ್ (ಸ್ವರ ಹಂಚೋ ಡಬ್ಬಿ) ಮೂಲಕವೇ ಕೊಡಿ.

ವಾರಂಟಿ ಇರೋವಾಗ ವೈರ್ ಕತ್ತರಿಸೋಕೆ ಬಿಡಬೇಡಿ. ನಿಮ್ಮ ಮಾಡೆಲ್‌ಗೆ ಕೂರೋ ಕಪ್ಲರ್ (ವೈರ್ ಜೋಡಿಸೋ ಪ್ಲಗ್) ಇರುವ ಅಡಾಪ್ಟರ್ ವೈರ್ ಬೆಂಗಳೂರಿನ ಜೆ.ಸಿ. ರೋಡಲ್ಲಿ ಕೇಳಿ ತಗೊಳ್ಳಿ. ಹಳೇ ಸ್ಪೀಕರ್, ಸ್ಕ್ರೂ ಎಲ್ಲ ಒಂದು ಡಬ್ಬದಲ್ಲಿ ಎತ್ತಿಡಿ, ಬೇಕಾದಾಗ ಮೊದಲಿನ ಹಾಗೇ ಕೂರಿಸಬಹುದು.

ಉತ್ತರ (ಹುಬ್ಬಳ್ಳಿ)

ಹಿಂದಿನ ಸ್ಪೀಕರ್ ಮುಟ್ಟಬ್ಯಾಡ್ರಿ. ಡ್ರೈವರ್ ಸೀಟಿನ್ಯಾಗ ಕುಂತವ್ರಿಗೆ ಹಾಡು ಮುಂದಿಂದ ಬರಬೇಕ್ರಿ. ಹಿಂದಿನವು ಹಿಂದ ಕುಂತವ್ರಿಗೆ ಅಷ್ಟ. ಫೇಡರ್ (ಸದ್ದು ಮುಂದ-ಹಿಂದ ಹಂಚೂ ಸೆಟ್ಟಿಂಗ್) ಎರಡ್ ಮೂರ್ ಹೆಜ್ಜಿ ಮುಂದ್ ತಳ್ಳಿ ಕೇಳ್ರಿ, ಈಗಿನ ಸ್ಪೀಕರಿನ್ಯಾಗ ಸೈತ ಫರಕ್ ಗೊತ್ತಾಗ್ತೈತಿ. ಉಳಿದ ರೊಕ್ಕ ಮುಂದಿನ ಎರಡ್ ಬಾಗಲಕ್ಕ ಹಾಕ್ರಿ.

ಉತ್ತರ (ಮಂಗಳೂರು)

ಮೇಲಿನವರು ಹೇಳಿದ್ದು ಸರಿ. ನಿಮ್ಮ ಮೃದಂಗದ ಎಡಗೈ ಬರಬೇಕಾದರೆ ಮುಖ್ಯ ಕೆಲಸ ಇರುವುದು ಬಾಗಿಲಿನಲ್ಲಿ. ಕೋನ್ ಮುಂದೆ ತಳ್ಳಿದ ಗಾಳಿಗೂ ಹಿಂದೆ ಎಳೆದ ಗಾಳಿಗೂ ದಿಕ್ಕು ವಿರುದ್ಧ. ಒಳತಗಡಿನ ದೊಡ್ಡ ತೂತುಗಳಿಂದ ಅವೆರಡೂ ಕೂಡಿಕೊಂಡರೆ ಕೆಳಸ್ವರ ಒಂದನ್ನೊಂದು ನುಂಗಿಬಿಡುತ್ತದೆ. ಎಂಥ ಸ್ಪೀಕರ್ ಹಾಕಿದರೂ ಈ ಸೋರಿಕೆ ನಿಲ್ಲಿಸದೆ ಉಪಯೋಗವಿಲ್ಲ.

ಇಗ್ನಿಷನ್ ಆಫ್ ಮಾಡಿ, ಬ್ಯಾಟರಿ ನೆಗೆಟಿವ್ ಬಿಚ್ಚಿ ಕೆಲವು ನಿಮಿಷ ಬಿಡಿ. ಹಿಡಿಯ ಹಿಂದಿನ ಮತ್ತು ಆರ್ಮ್‌ರೆಸ್ಟ್ ಗುಂಡಿಯೊಳಗಿನ ಸ್ಕ್ರೂಗಳಿಗೆ ಮುಚ್ಚಳ ಇರುತ್ತದೆ, ಹುಡುಕಿ ಬಿಚ್ಚಿ. ಡೋರ್ ಪ್ಯಾಡನ್ನು ಕೆಳಗಿನ ಮೂಲೆಯಿಂದ ಪ್ಲಾಸ್ಟಿಕ್ ಪಟ್ಟಿ ತೂರಿಸಿ ಎಬ್ಬಿಸಿ, ಕ್ಲಿಪ್ಪುಗಳೆಲ್ಲ ಬಿಟ್ಟ ಮೇಲೆ ಮೇಲಕ್ಕೆ ಎತ್ತಬೇಕು. ಸ್ಕ್ರೂಡ್ರೈವರ್ ಹಾಕಿದರೆ ಬಣ್ಣಕ್ಕೆ ಗೀರು ಖಚಿತ. ಕ್ಲಿಪ್ಪು ಕೆಲವು ಮುರಿಯುತ್ತವೆ. ಹತ್ತು ಹೆಚ್ಚುವರಿ ಮೊದಲೇ ತಂದಿಡಿ. ಮುರಿದ ಕ್ಲಿಪ್ಪಿನಲ್ಲೇ ಒತ್ತಿ ಕೂರಿಸಿದ ಪ್ಯಾಡ್ ಮುಂದೆ ಗಡಗಡ ಎನ್ನುತ್ತದೆ.

ಹೊರತಗಡಿನ ಒಳಮೈಯನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಒರೆಸಿ, ಒಣಗಿದ ಮೇಲೆ 2 ಮಿ.ಮೀ. ಬ್ಯೂಟೈಲ್ ಡ್ಯಾಂಪಿಂಗ್ ಶೀಟ್ ಅಂಟಿಸಿ. ಅಗ್ಗದ ಡಾಂಬರು ಶೀಟ್ ಬೇಡವೇ ಬೇಡ, ಬೇಸಗೆಯಲ್ಲಿ ಜಾರಿ ವಾಸನೆ ಬರುತ್ತದೆ. ಇಡೀ ತಗಡು ಮುಚ್ಚಬೇಕಿಲ್ಲ. ನಡುಭಾಗ ಮತ್ತು ಸ್ಪೀಕರಿನ ನೇರ ಹಿಂದೆ, ಒಟ್ಟು ಮೂರನೇ ಒಂದು ಭಾಗ ಸಾಕು. ಫಾಯಿಲ್ ಮೇಲಿನ ಉಬ್ಬು ಗೆರೆಗಳು ಮಾಸುವ ತನಕ ರೋಲರಿನಲ್ಲಿ ಒತ್ತಿ. ಮೊದಲು ಬೆರಳಿನಲ್ಲಿ ಬಡಿದರೆ ಎಣ್ಣೆಡಬ್ಬದ ಹಾಗೆ ಟಣ್ ಎನ್ನುತ್ತಿದ್ದ ತಗಡು ಈಗ ದಬ್ ಎನ್ನಬೇಕು.

ಬಳಿಕ ಒಳತಗಡು. ದೊಡ್ಡ ತೂತುಗಳ ಮೇಲೆ ಬರೀ ಡ್ಯಾಂಪಿಂಗ್ ಶೀಟ್ ಎಳೆದರೆ ಅದೇ ಡೋಲಿನ ಚರ್ಮದಂತೆ ಆಡುತ್ತದೆ. ತೆಳು ಅಲ್ಯುಮಿನಿಯಂ ಅಥವಾ ಗಟ್ಟಿ ಪ್ಲಾಸ್ಟಿಕ್ ತುಂಡು ಸ್ಕ್ರೂ ಮಾಡಿ, ಅದರ ಮೇಲೆ ಶೀಟ್ ಹಾಕಿ. ಮುಂದೆ ಗಾಜಿನ ಮೋಟಾರ್ ಕೈಕೊಟ್ಟರೆ ಬಿಚ್ಚಲು ಆಗಬೇಕು. ಲಾಕ್ ಕಡ್ಡಿಗೆ ಏನೂ ತಾಗದಿರಲಿ.

ಮಳೆನೀರು ಗಾಜಿನ ರಬ್ಬರ್ ದಾಟಿ ಬಾಗಿಲೊಳಗೆ ಇಳಿದೇ ಇಳಿಯುತ್ತದೆ, ತಳದ ತೂತುಗಳಿಂದ ಹೊರಹೋಗುತ್ತದೆ. ಆ ತೂತು ಮುಚ್ಚಿದರೆ ಬಾಗಿಲು ತುಕ್ಕು ಹಿಡಿಯುತ್ತದೆ. ಕಂಪನಿಯ ಪ್ಲಾಸ್ಟಿಕ್ ಹಾಳೆ ಹರಿದು ಹಾಗೇ ಬಿಟ್ಟರೆ ನೀರು ಪ್ಯಾಡಿಗೆ ಬಂದು ಕಾರ್ಪೆಟ್ ನೆನೆಯುತ್ತದೆ. ಇದೇ ಕಾರಣಕ್ಕೆ ಸ್ಪೀಕರ್ ಕೂರಿಸುವ ರಿಂಗ್ ಎಂಡಿಎಫ್ (ಮರದ ನಾರಿನ ಹಲಗೆ) ಬೇಡ, ನೀರು ಕುಡಿದು ಉಬ್ಬಿ ಸ್ಕ್ರೂ ಸಡಿಲವಾಗುತ್ತದೆ. ಎಬಿಎಸ್ ಅಥವಾ ಎಚ್‌ಡಿಪಿಇ ಪ್ಲಾಸ್ಟಿಕ್ ರಿಂಗ್ ಕೇಳಿ. ರಿಂಗ್ ಮತ್ತು ತಗಡಿನ ನಡುವೆ ಫೋಮ್ ಗ್ಯಾಸ್ಕೆಟ್, ಸ್ಪೀಕರಿನ ಮುಂದೆ ಪ್ಯಾಡಿನ ಜಾಲರಿಗೆ ತಾಗುವಂತೆ ಒಂದು ಫೋಮ್ ಬಳೆ; ಇಲ್ಲದಿದ್ದರೆ ಅರ್ಧ ಸದ್ದು ಪ್ಯಾಡಿನ ಹಿಂದೆಯೇ ಉಳಿಯುತ್ತದೆ. ಸ್ಪೀಕರ್ ಕೊಳ್ಳುವ ಮುಂಚೆ ಗಾಜು ಪೂರ್ತಿ ಇಳಿಸಿ, ರಿಂಗಿನ ಮುಖದಿಂದ ಗಾಜಿನವರೆಗಿನ ಆಳ ಅಳೆಯಿರಿ. ಮ್ಯಾಗ್ನೆಟ್ಟಿಗೂ ಗಾಜಿಗೂ ಕನಿಷ್ಠ 5 ಮಿ.ಮೀ. ಅಂತರ ಬೇಕು.

ಕೆಲವು ಗಾಡಿಗಳಲ್ಲಿ ಸೈಡ್ ಏರ್‌ಬ್ಯಾಗಿನ ಪ್ರೆಶರ್ ಸೆನ್ಸರ್ ಮುಂದಿನ ಬಾಗಿಲೊಳಗೇ ಇರುತ್ತದೆ, ಬಾಗಿಲೊಳಗಿನ ಗಾಳಿಯ ಒತ್ತಡವನ್ನೇ ಅದು ಅಳೆಯುವುದು. ಬಾಗಿಲು ಸೀಲ್ ಮಾಡುವ ಮೊದಲು ನಿಮ್ಮ ವೇರಿಯಂಟಿನಲ್ಲಿ ಅದು ಇದೆಯೇ ಎಂದು ಸರ್ವಿಸ್ ಸೆಂಟರಿನಲ್ಲಿ ಕೇಳಿ. ಹಳದಿ ಕಪ್ಲರ್ ಕಂಡರೆ ಕೈ ಹಾಕಬೇಡಿ.

ಪ್ರಶ್ನೆ ಕೇಳಿದವರು

ತುಂಬಾ ಉಪಕಾರ. ವಾಲ್ಯೂಮ್ ಏರಿಸಿದಾಗ ಬೇಸ್ ಹೋಗೋದು ಇಷ್ಟರಿಂದ ಸರಿಹೋಗುತ್ತಾ?

ಉತ್ತರ (ಬೆಂಗಳೂರು)

ಪೂರ್ತಿ ಇಲ್ಲ. ತೆಳು ಸ್ಪೀಕರ್ ಹರಿಯದಿರಲಿ ಅಂತ ಎಷ್ಟೋ ಕಂಪನಿ ಸ್ಟೀರಿಯೋಗಳಲ್ಲಿ ವಾಲ್ಯೂಮ್ ಏರಿದಂತೆ ಬೇಸ್ ತಾನಾಗಿ ಇಳಿಯೋ ಹಾಗೆ ಸೆಟ್ ಮಾಡಿರ್ತಾರೆ. ನಿಮ್ಮ ಲಕ್ಷಣ ಅದೇ. ಪರೀಕ್ಷೆ ಸುಲಭ: ಈಕ್ವಲೈಸರ್ ಫ್ಲಾಟ್ ಮಾಡಿ, 50 ಹರ್ಟ್ಜ್ ಟೋನ್ ಹಾಕಿ, ಸ್ಪೀಕರ್ ವೈರಿಗೆ ಮಲ್ಟಿಮೀಟರ್ ಎಸಿ ವೋಲ್ಟಲ್ಲಿ ಹಿಡಿದು ವಾಲ್ಯೂಮ್ ಒಂದೊಂದೇ ಹೆಜ್ಜೆ ಏರಿಸಿ ಬರೆದುಕೊಳ್ಳಿ. ಹಾಗೇ 300 ಹರ್ಟ್ಜಿಗೂ ಮಾಡಿ. ಅಗ್ಗದ ಮೀಟರು 400 ಹರ್ಟ್ಜ್ ದಾಟಿದರೆ ಸರಿಯಾಗಿ ತೋರಿಸಲ್ಲ, ಅದಕ್ಕೇ 300. ಎಲ್ಲಿಂದ 300ರದು ಏರುತ್ತಾ 50ರದು ನಿಂತುಬಿಡುತ್ತೋ ಅದರ ಒಂದು ಹೆಜ್ಜೆ ಕೆಳಗೆ ಸ್ಟೀರಿಯೋ ನಿಲ್ಲಿಸಿ. ಅಲ್ಲಿಂದ ಮುಂದಿನ ಸದ್ದು ಹೈ ಲೆವೆಲ್ ಇನ್‌ಪುಟ್ (ಸ್ಪೀಕರ್ ವೈರಿಂದಲೇ ಸಿಗ್ನಲ್ ತಗೊಳ್ಳೋದು) ಇರೋ ಪುಟ್ಟ ಡಿಎಸ್‌ಪಿ (ಸದ್ದು ತಿದ್ದೋ ಚಿಪ್) ಆಂಪಿನ ನಾಬಿಂದ ತಗೊಳ್ಳಿ. ಬಜೆಟ್ ಒಟ್ಟಿಗೆ ಸಾಲದಿದ್ದರೆ ಈಗ ಬಾಗಿಲು ಮತ್ತು ಕಾಂಪೊನೆಂಟ್, ಆಂಪ್ ಆಮೇಲೆ.

ಆಂಪ್ ಹಾಕುವಾಗ ಪವರ್ ವೈರಿನ ಫ್ಯೂಸ್ ಬ್ಯಾಟರಿಯಿಂದ 45 ಸೆಂ.ಮೀ. ಒಳಗೇ ಇರಬೇಕು. ಚಾನಲ್ಲಿಗೆ 50 ವ್ಯಾಟಿನಂತೆ ನಾಲ್ಕು ಚಾನಲ್ಲಿಗೆ 20 ಆಂಪಿಯರ್ ಹತ್ತಿರ ಎಳೆಯುತ್ತೆ. 8 ಗೇಜ್ ಅಪ್ಪಟ ತಾಮ್ರದ ವೈರ್ ಸಾಕು, ತಾಮ್ರ ಲೇಪಿಸಿದ ಅಲ್ಯುಮಿನಿಯಂ ಬೇಡ. ಅರ್ತ್ ವೈರನ್ನ, ಬಣ್ಣ ಕೆರೆದ ಬಾಡಿ ಬೋಲ್ಟಿಗೆ ಕೊಡಿ. ಬ್ಯಾಟರಿ ನೆಗೆಟಿವ್‌ನಲ್ಲಿ ಕರೆಂಟ್ ಸೆನ್ಸರ್ ಇರೋ ಗಾಡಿಗಳಲ್ಲಿ ಅರ್ತ್ ನೇರ ಆ ಟರ್ಮಿನಲ್ಲಿಗೆ ಕೊಟ್ಟರೆ ಚಾರ್ಜಿಂಗ್ ಲೆಕ್ಕ ತಪ್ಪುತ್ತೆ. ಬಾಗಿಲ ಸ್ಪೀಕರಿಗೆ ಹೈ ಪಾಸ್ (ಅದಕ್ಕಿಂತ ಕೆಳಸ್ವರ ತಡೆಯೋ ಫಿಲ್ಟರ್) 70ರಿಂದ 80 ಹರ್ಟ್ಜ್.

ಉತ್ತರ (ಹುಬ್ಬಳ್ಳಿ)

ಪ್ಯಾಡ್ ಮುಚ್ಚೂಕಿಂತ ಮೊದಲ ಪ್ಲಸ್ ಮೈನಸ್ ನೋಡ್ರಿ. ವೈರ್ ಬಿಚ್ಚಿ, ಸ್ಪೀಕರಿಗೆ 1.5 ವೋಲ್ಟ್ ಪೆನ್ಸಿಲ್ ಸೆಲ್ ಮುಟ್ಟಿಸ್ರಿ, ಒಂದ್ ಗಳಿಗಿ ಅಷ್ಟ. ಕೋನ್ ಹೊರಗ ಬಂದ್ರ ಸೆಲ್‌ನ ಪ್ಲಸ್ ಇಟ್ಟದ್ದ ಪ್ಲಸ್. ಟ್ವೀಟರಿಗೆ ಇದನ್ನ ಮಾಡಬ್ಯಾಡ್ರಿ. ಎರಡ್ ಬಾಗಲದಾಗ ಒಂದು ಉಲ್ಟಾ ಇತ್ತಂದ್ರ ನಡುವಿನ ಬೇಸ್ ಮಾಯ ಆಗಿ ಹಾಡುವವ್ರು ಎಲ್ಲಿ ಅದಾರ ಅಂತ ತಿಳಿಯಂಗಿಲ್ಲ. ಕಡೀಕ 30ರಿಂದ 200 ಹರ್ಟ್ಜ್ ತನಕ ನಿಧಾನ ಏರೂ ಟೋನ್ ಹಚ್ಚಿ, ಪ್ಯಾಡಿನ ಮ್ಯಾಲೆ ಅಂಗೈ ಒತ್ತಕೋತ ಹೋಗ್ರಿ. ಒತ್ತಿದಾಗ ಎಲ್ಲಿ ಗಡಗಡ ನಿಲ್ತೈತಿ, ಅದರ ಹಿಂದ ಕ್ಲಿಪ್ಪೋ ವೈರೋ ಸಡಿಲ ಇರ್ತೈತಿ. ಅಲ್ಲಿ ಫೋಮ್ ಟೇಪ್ ಸುತ್ರಿ.