ಸಹಾಯ ಬೇಕು: ತೂತು ಕೊರೆದ ಈ ಕಪ್ಪೆಚಿಪ್ಪು ಯಾವ ಕಾಲದ್ದು?

ಎಲ್ಲರಿಗೂ ನಮಸ್ಕಾರ. ಅಮೆರಿಕದ ಅಯೋವಾ ರಾಜ್ಯದ ಮಸ್ಕಟೀನ್ ಊರಿನಲ್ಲಿ ಮಿಸಿಸಿಪ್ಪಿ ನದಿಯ ದಡದಲ್ಲಿ ನನಗೊಂದು ದಪ್ಪ ಕಪ್ಪೆಚಿಪ್ಪು ಸಿಕ್ಕಿದೆ. ಅದರಲ್ಲಿ ಐದು ದುಂಡು ತೂತುಗಳಿವೆ. ಪೂರಿ ಹಿಟ್ಟನ್ನು ಡಬ್ಬಿ ಮುಚ್ಚಳದಲ್ಲಿ ಒತ್ತಿ ತೆಗೆದರೆ ಉಳಿಯುತ್ತಲ್ಲ, ಥೇಟ್ ಹಾಗೆ. ಒಳಮೈ ಇನ್ನೂ ಫಳಫಳ ಅನ್ನುತ್ತದೆ.

ಇದು ಅಂಗಿ ಗುಂಡಿಗೆ ಬಿಲ್ಲೆ ಕೊರೆದು ಎಸೆದ ಚಿಪ್ಪು. ಜರ್ಮನಿಯಿಂದ ಬಂದ ಜಾನ್ ಬೋಪ್ಲೆ 1891ರಲ್ಲಿ ಇಲ್ಲಿ ಗುಂಡಿ ಕೆಲಸ ಶುರು ಮಾಡಿದರು. 1905ರ ಹೊತ್ತಿಗೆ ಈ ಪುಟ್ಟ ಊರಿನಲ್ಲಿ ವರ್ಷಕ್ಕೆ 150 ಕೋಟಿ ಗುಂಡಿ ತಯಾರಾಗುತ್ತಿದ್ದವು! ಎಷ್ಟು ಕೈಗಳು ದುಡಿದಿರಬೇಕು ಅಲ್ವಾ? ಆಮೇಲೆ ನದಿಯಲ್ಲಿ ಚಿಪ್ಪು ಕಡಿಮೆಯಾಯಿತು, ಪ್ಲಾಸ್ಟಿಕ್ ಬಂತು.

ತೂತುಗಳನ್ನು ಅಳೆದೆ. ಮೂರು 15 ಮಿ.ಮೀ., ಎರಡು 11 ಮಿ.ಮೀ. ಊರಿನ ಗುಂಡಿ ಮ್ಯೂಸಿಯಂನ ಚಿಪ್ಪುಗಳ ಜೊತೆ ಹೋಲಿಸಿಯೂ ನೋಡಿದೆ. ಹಳೆಯದು, ಹೊಸದು ಎಲ್ಲ ಒಂದೇ ಥರ ಕಾಣುತ್ತವೆ. ಆಗಲೂ ಆಮೇಲೂ ಕೊಳವೆ ಆಕಾರದ ಗರಗಸದಲ್ಲೇ ಕೊರೆಯುತ್ತಿದ್ದರಲ್ಲ, ಅದಕ್ಕೇ ಕಾಲ ಗೊತ್ತಾಗದೆ ಸಿಕ್ಕಿಹಾಕಿಕೊಂಡಿದ್ದೇನೆ.

ತೂತಿನ ಅಳತೆ ಅಥವಾ ಅಂಚಿನ ಗರಗಸದ ಗೀರು ನೋಡಿ, ಇದು 1900ರ ಆಸುಪಾಸಿನದಾ, 1930ರ ನಂತರದ್ದಾ ಅಂತ ಹೇಳಬಹುದಾ? ಗೊತ್ತಿದ್ದವರು ದಯವಿಟ್ಟು ತಿಳಿಸಿ.